ಹಾಲೆಂಡಿನ ಕಂಬ, ನನ್ನ ಕೊಬ್ಬರಿ ಎಣ್ಣೆ

ಪರದೆ ಎಳೆಯದ ಮನೆಗಳು

ನಾನು ಹೋಗಿ ಬಂದ ಊರಿನ ಹೆಸರು ಬರೆಯುವುದಿಲ್ಲ. ಹಾಲೆಂಡಿನ ಪೂರ್ವಕ್ಕೆ, ಐಸೆಲ್ ಎಂಬ ಹೊಳೆಯ ದಡದ ಮೇಲಿದೆ ಎಂದಷ್ಟೇ ಹೇಳುತ್ತೇನೆ. ಅಲ್ಲಿ ನನ್ನ ದೆಸೆಯಿಂದ ಒಬ್ಬ ಹೆಂಗಸಿನ ಕೈ ಮುರಿಯಿತು. ಆಕೆಯ ಗುರುತು ಊರಿಗೆಲ್ಲ ಹೇಳಿ ಮತ್ತೊಂದು ತಪ್ಪು ಮಾಡುವ ಇಷ್ಟವಿಲ್ಲ. ಅಲ್ಲಿನವರ ಹೆಸರುಗಳನ್ನೂ ಬದಲಿಸಿದ್ದೇನೆ.

ನನ್ನ ಹೆಸರು ಗಿರಿಜಾ. ಶನಿವಾರಸಂತೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ರವಿಕೆ, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತೇನೆ. ಊರಿನ ಅರ್ಧ ಹೆಂಗಸರ ಅಳತೆ ನನಗೆ ಬಾಯಿಪಾಠ. ಯಾರಿಗೆ ಎಲ್ಲಿ ದಪ್ಪ, ಯಾರ ಒಂದು ಭುಜ ಕೆಳಗೆ ಎಂದು ಕೇಳಿದರೆ ಹೇಳಬಲ್ಲೆ, ಹೇಳುವುದಿಲ್ಲ ಅಷ್ಟೆ. ಬೇರೆಯವರ ಮೈಯ ವಿಷಯದಲ್ಲಿ ಇಷ್ಟು ಸಲೀಸಾಗಿರುವ ನನಗೆ ನನ್ನ ಮೈಯ ವಿಷಯದಲ್ಲಿ ಮಾತ್ರ ವಿಪರೀತ ಸಂಕೋಚ. ಮದುವೆಯಾದ ಮೇಲೆ ನನ್ನ ಮೊಣಕಾಲು ಬಿಸಿಲು ಕಂಡಿರಲಿಲ್ಲ.

ನಾದಿನಿ ರೇಖಾ ಆ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿಲ್ಲ. ಆಗುವ ಯೋಚನೆಯೂ ಇಲ್ಲ. ಅಲ್ಲೇ ಒಂದು ಸಣ್ಣ ಮನೆ ಕೊಂಡಳು. ಹಾಲು ಉಕ್ಕಿಸುವಾಗ ನಮ್ಮ ಮನೆಯವರು ಒಬ್ಬರಾದರೂ ಇರಲೇಬೇಕು ಎಂದು ಅತ್ತೆ ಹಠ ಹಿಡಿದರು. ಅವರಿಗೆ ವಿಮಾನವೆಂದರೆ ಭಯ. ನಮ್ಮ ಯಜಮಾನರಿಗೆ ಕಾಫಿ ಪಿಕಿಂಗ್ ನಡೆಯುತ್ತಿತ್ತು, ತೋಟ ಬಿಟ್ಟು ಅಲ್ಲಾಡುವಂತಿರಲಿಲ್ಲ. ಕೊನೆಗೆ ನಾನೇ ಅಂಗಡಿಗೆ ಬೀಗ ಹಾಕಿ ಹೊರಟೆ. ಕೊಡಗಿನಿಂದ ಆಚೆ ನಾನು ಕಂಡಿದ್ದು ಹಾಸನ, ಮೈಸೂರು, ಒಮ್ಮೆ ಧರ್ಮಸ್ಥಳ.

ಹಾಲೆಂಡಿನಲ್ಲಿ ಮೊದಲು ಕಣ್ಣಿಗೆ ಹೊಡೆದದ್ದು ನೆಲ. ಎಲ್ಲಿ ನೋಡಿದರೂ ಒಂದು ದಿಬ್ಬವಿಲ್ಲ. ದೋಸೆ ಕಲ್ಲಿನ ಹಾಗೆ ಮಟ್ಟಸ. ಬೆಟ್ಟದ ಮಧ್ಯೆ ಬೆಳೆದ ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಎರಡನೆಯದು ಕಿಟಕಿ. ರಸ್ತೆಗೆ ಮುಖ ಮಾಡಿದ ಆಳೆತ್ತರದ ಗಾಜಿನ ಕಿಟಕಿಗಳು, ಒಂದಕ್ಕೂ ಪರದೆ ಎಳೆದಿರುವುದಿಲ್ಲ. ಸಂಜೆ ದೀಪ ಹಾಕಿಕೊಂಡು ಊಟ ಮಾಡುತ್ತಾರೆ, ಮಕ್ಕಳಿಗೆ ಬೈಯುತ್ತಾರೆ, ಸೋಫಾದ ಮೇಲೆ ಕಾಲು ಚಾಚಿ ಮಲಗುತ್ತಾರೆ, ಎಲ್ಲ ರಸ್ತೆಗೆ ಕಾಣುತ್ತದೆ. ರೇಖಾಳ ಮನೆಯೂ ಹಾಗೇ. ನಾನು ಹೋದ ದಿನವೇ ಸೂಟ್‌ಕೇಸಿನಿಂದ ಎರಡು ಸೀರೆ ತೆಗೆದು ಕಿಟಕಿಗೆ ಕಟ್ಟಿದೆ. ಅವಳು ಕೆಲಸದಿಂದ ಬಂದು ನೋಡಿ, "ಅತ್ತಿಗೆ, ಇದೇನು ಟೆಂಟ್ ಹಾಕಿದ್ದೀರಾ?" ಎಂದು ನಕ್ಕು ಬಿಚ್ಚಿದಳು.

"ಹೋಗೋರು ಬರೋರು ನೋಡ್ತಾರೆ ಕಣೆ."

"ಯಾರೂ ನೋಡಲ್ಲ ಅತ್ತಿಗೆ. ನೋಡೋದು ಇಲ್ಲಿ ಮರ್ಯಾದೆ ಅಲ್ಲ."

ನಾನಂತೂ ನೋಡುತ್ತಿದ್ದೆ. ಸಂಜೆ ವಾಕಿಂಗ್ ಹೋದಾಗ ಒಂದು ಮನೆಯನ್ನೂ ಬಿಡದೆ ನೋಡಿದೆ. ಕರೆದವರ ಮನೆಗೆ ಹೋದರೆ ಹಾಲಿಲ್ಲದ ಕಾಫಿ ಕೊಡುತ್ತಾರೆ. ಜೊತೆಗೆ ಒಂದು ಬಿಸ್ಕತ್ತು. ಕೊಟ್ಟ ತಕ್ಷಣ ಡಬ್ಬಿಯ ಮುಚ್ಚಳ ಹಾಕಿ ಒಳಗಿಟ್ಟುಬಿಡುತ್ತಾರೆ. ಬೇಡ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ತೆಗೆದುಕೊಳ್ಳುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಮೊದಲ ಮನೆಯಲ್ಲಿ ಬೇಡ ಎಂದೆ. ಹಸಿದುಕೊಂಡೇ ವಾಪಸು ಬಂದೆ.

ಸೈಕಲ್ ಅಂಗಡಿಯ ಮೇಲಿನ ಕೋಣೆ

ದಿನವಿಡೀ ಮಿಷನ್ ಮೇಲೆ ಬಗ್ಗಿ ಬಗ್ಗಿ ನನಗೆ ಕುತ್ತಿಗೆ, ಭುಜ ಸದಾ ನೋವು. ಚಳಿಗೆ ಅದು ಹೆಚ್ಚಾಯಿತು. ನರಳುವುದನ್ನು ಕೇಳಿ ಕೇಳಿ ರೇಖಾ ಒಂದು ದಿನ ಹೇಳಿದಳು:

"ನಾನು ಹೋಗೋ ಕ್ಲಾಸಿಗೆ ಬನ್ನಿ ಅತ್ತಿಗೆ. ಭುಜ ಎಲ್ಲ ಗಟ್ಟಿ ಆಗ್ತದೆ."

"ಏನೇ ಅದು, ಯೋಗನಾ?"

"ಅಲ್ಲ. ಕಂಬ ಹತ್ತೋದು. ಪೋಲ್ ಡ್ಯಾನ್ಸ್ ಅಂತಾರೆ."

ನಾನು ತಟ್ಟೆ ಕೆಳಗಿಟ್ಟೆ. ಸಿನಿಮಾದಲ್ಲಿ ನೋಡಿದ್ದೆನಲ್ಲ. ಖಳನಾಯಕ ಕುಡಿಯುತ್ತಾ ಕೂತಿರುತ್ತಾನೆ, ಹಿಂದೆ ಕೆಂಪು ಲೈಟಿನಲ್ಲಿ ಅರೆಬಟ್ಟೆಯ ಹುಡುಗಿ ಕಂಬ ಸುತ್ತುತ್ತಿರುತ್ತಾಳೆ.

"ಥೂ, ಅದಾ?"

"ಅಲ್ಲೂ ಕಂಬಾನೇ, ಇಲ್ಲೂ ಕಂಬಾನೇ. ನಾವು ಹತ್ತೋದು ಬೆವರು ಸುರ್ಸಕ್ಕೆ. ನಮ್ಮ ಕಡೆ ಮಲ್ಲಕಂಬ ಅಂತ ಗಂಡಸರು ಲಂಗೋಟಿ ಕಟ್ಕೊಂಡು ಮಾಡಿದ್ರೆ ಚಪ್ಪಾಳೆ ತಟ್ತೀರಲ್ಲ?" ಎಂದಳು. ಹಿಂದೆಯೇ, "ಅವ್ವಂಗೆ ಮಾತ್ರ ಹೇಳ್ಬೇಡಿ. ಇಷ್ಟು ವರ್ಷ ಆದ್ರೂ ನಾನು ಹೇಳಿಲ್ಲ," ಎಂದಳು.

ಬರುವುದಿಲ್ಲ ಎಂದೆ. ಆಮೇಲೆ, ಸುಮ್ಮನೆ ಕೂತು ನೋಡುತ್ತೇನೆ ಎಂದೆ. ಅವಳಿಲ್ಲದ ಮನೆಯಲ್ಲಿ ಸಂಜೆ ಕಳೆಯುವುದು ನನಗೂ ಬೇಸರವಾಗಿತ್ತು.

ಕ್ಲಾಸಿಗೆ ಹೊರಡುವ ದಿನ ರೇಖಾ ಲ್ಯಾಬಿನಿಂದ ಫೋನ್ ಮಾಡಿ, ಅವಳ ಕಪಾಟಿನಲ್ಲಿರುವ ಚಡ್ಡಿಯೊಂದನ್ನು ನನಗಾಗಿ ತರಲು ಹೇಳಿದಳು. ಕಂಬ ಹಿಡಿದುಕೊಳ್ಳುವುದು ಬರಿ ಚರ್ಮ, ಬಟ್ಟೆಯಿದ್ದರೆ ಜಾರುತ್ತದಂತೆ. ಚಡ್ಡಿ ಹಾಕಿಕೊಂಡು ಬಚ್ಚಲು ಮನೆಯ ಕನ್ನಡಿಯ ಮುಂದೆ ನಿಂತೆ. ಚಳಿಗೆ ಕಾಲೆಲ್ಲ ಒಣಗಿ, ಬಿಳಿಚಿ, ಗೆರೆ ಗೆರೆ ಒಡೆದಿತ್ತು. ಬೂದಿಯಲ್ಲಿ ಹೊರಳಿ ಎದ್ದಂತೆ ಕಂಡಿತು. ಈ ಕಾಲನ್ನು ಅಷ್ಟು ಜನರ ಮುಂದೆ ತೋರಿಸುವುದೇ? ಊರಿನಿಂದ ತಂದಿದ್ದ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಕೂತಿತ್ತು. ಬಿಸಿನೀರಿನಲ್ಲಿ ಸೀಸೆ ಇಟ್ಟು ಕರಗಿಸಿ, ತೊಡೆಯಿಂದ ಪಾದದವರೆಗೂ ಚೆನ್ನಾಗಿ ತಿಕ್ಕಿದೆ. ಕಾಲು ಹೊಳೆಯಿತು. ಸಮಾಧಾನವಾಯಿತು. ಮೇಲೆ ಪ್ಯಾಂಟ್ ಏರಿಸಿ ಹೊರಟೆ.

ಕ್ಲಾಸು ನಡೆಯುವುದು ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಕೆಂಪು ಲೈಟಿಲ್ಲ. ನಮ್ಮ ಹೈಸ್ಕೂಲಿನ ಸಭಾಂಗಣದಲ್ಲಿರುವಂಥ ಬೆಳ್ಳಗಿನ ಟ್ಯೂಬ್‌ಲೈಟು, ಮರದ ನೆಲ. ನೆಲದಿಂದ ಸೂರಿಗೆ ನಿಲ್ಲಿಸಿದ ಉಕ್ಕಿನ ಕಂಬಗಳು. ಬಸ್ಸಿನಲ್ಲಿ ಹಿಡಿದು ನಿಲ್ಲುವ ಕಂಬದಷ್ಟೇ ದಪ್ಪ. ಹೆಂಗಸರು ಒಬ್ಬೊಬ್ಬರೇ ಬಂದು, ಮಾತಾಡುತ್ತಲೇ ಎಲ್ಲರೆದುರು ಪ್ಯಾಂಟ್ ಕಳಚಿ ಮೊಳೆಗೆ ನೇತುಹಾಕಿದರು. ಸಂಕೋಚ ಎಂಬುದು ಆ ಕಡೆ ಸುಳಿಯಲೇ ಇಲ್ಲ. ಹೆರಿಗೆಯ ಗೆರೆ, ಆಪರೇಷನ್ ಗಾಯ, ಜೋತ ಹೊಟ್ಟೆ ಎಲ್ಲವೂ ಇತ್ತು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನೋಡುತ್ತಿದ್ದವಳು ನಾನೊಬ್ಬಳೇ.

ಕಲಿಸುವವಳು ಫೆಮ್ಕೆ, ಚುರುಕಾದ ಹುಡುಗಿ. ರೇಖಾ ಅವಳಿಗೆ ಅಚ್ಚುಮೆಚ್ಚು. ಬೇಸಗೆಯಿಂದ ಹೊಸಬರಿಗೆ ಕಲಿಸುವ ಕೆಲಸ ರೇಖಾಳಿಗೇ ಕೊಡುವುದೆಂದು ಮಾತಾಗಿತ್ತಂತೆ. ಅದನ್ನು ಹೇಳುವಾಗ ನಾದಿನಿಯ ಮುಖ ನೋಡಬೇಕಿತ್ತು.

ನಮ್ಮ ಕಂಬಕ್ಕೆ ಮೂವರು: ನಾನು, ರೇಖಾ, ಇನ್ನೊಬ್ಬರು ಅನ್ನೆಕೆ. ಅನ್ನೆಕೆ ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಬೆಳ್ಳಿ ಕೂದಲು, ನನಗಿಂತ ಒಂದು ಗೇಣು ಎತ್ತರ. ಕೈ ಕುಲುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಹೆದರಿದ್ದೀಯ," ಎಂದರು ಇಂಗ್ಲಿಷಿನಲ್ಲಿ. ಹೌದೆಂದೆ. "ಒಳ್ಳೆಯದು. ಹೆದರದವರು ಬೀಳುತ್ತಾರೆ."

ಶುರು ಮಾಡುವ ಮುಂಚೆ ಫೆಮ್ಕೆ ಹೊಸಬಳಾದ ನನ್ನ ಹತ್ತಿರ ಬಂದು ಕೇಳಿದಳು, ಮೈಗೆ ಕ್ರೀಮ್, ಎಣ್ಣೆ ಏನಾದರೂ ಹಚ್ಚಿದ್ದೀಯಾ ಎಂದು. ಇಂಗ್ಲಿಷ್ ಅರ್ಥವಾಗಲಿಲ್ಲ ಎಂದು ಈಗ ಹೇಳಿಕೊಳ್ಳಬಹುದಿತ್ತು. ಅರ್ಥವಾಗಿತ್ತು. ಎಣ್ಣೆ ಎಂದರೆ ಯಾಕೆ ಹಚ್ಚಿದೆ ಎನ್ನುತ್ತಾರೆ, ತೊಳೆದುಕೊಂಡು ಬಾ ಎನ್ನುತ್ತಾರೆ, ಎಲ್ಲರೂ ನನ್ನ ಕಾಲಿನ ಕಡೆ ತಿರುಗುತ್ತಾರೆ. "ನೋ," ಎಂದೆ. ಆಮೇಲೆ ಮೂಲೆಗೆ ಹೋಗಿ ಪ್ಯಾಂಟ್ ಕಳಚುವಾಗ ವೇಲಿನಲ್ಲಿ ಕಾಲನ್ನು ಎರಡು ಸಲ ಒರೆಸಿದೆ. ಅಷ್ಟು ಸಾಕು ಅಂದುಕೊಂಡೆ.

ಬೀಳುವುದು

ರೇಖಾ ಮೊದಲು ಹತ್ತಿ ತೋರಿಸಿದಳು. ನನ್ನ ಬಾಯಿ ತೆರೆದೇ ಇತ್ತು. ಮನೆಗೆ ಬಂದರೆ ಅಟ್ಟದ ಡಬ್ಬಿ ಇಳಿಸಲೂ ಅಣ್ಣನನ್ನು ಕರೆಯುವ ಹುಡುಗಿ, ಇಲ್ಲಿ ಒಂದು ಮೊಣಕಾಲಿನ ಮಡಿಕೆಯಲ್ಲಿ ಕಂಬ ಕಚ್ಚಿ, ತಲೆಕೆಳಗಾಗಿ, ಕೈ ಎರಡೂ ಬಿಟ್ಟು, ನಿಧಾನವಾಗಿ ತಿರುಗುತ್ತಾ ಇಳಿದಳು. ಮುಖದಲ್ಲಿ ಒಂದು ಶಾಂತಿ. ಅದರಲ್ಲಿ ಅಸಹ್ಯವೆನ್ನುವಂಥದ್ದು ಎಳ್ಳಷ್ಟೂ ಇರಲಿಲ್ಲ.

ಆಮೇಲೆ ನನ್ನ ಸರದಿ. ಸುಮ್ಮನೆ ಕೂತು ನೋಡುತ್ತೇನೆ ಎಂದವಳು ಅದು ಹೇಗೆ ಎದ್ದೆನೋ! ಕಂಬ ಐಸಿನಂತೆ ತಣ್ಣಗಿತ್ತು. ರೇಖಾ ಸೊಂಟ ಹಿಡಿದು ಎತ್ತಿದಳು, ಅನ್ನೆಕೆ ಕೆಳಗಿನಿಂದ ಪಾದ ಒತ್ತಿದರು. ನಮ್ಮ ತೋಟದಲ್ಲಿ ಮೆಣಸು ಕುಯ್ಯುವವರಿಗೆ ಏಣಿಯಾದರೂ ಇರುತ್ತದೆ, ನನಗಿದ್ದದ್ದು ಇವರಿಬ್ಬರು. ಮೊಣಕಾಲಿನಿಂದ ಕಂಬ ಅಪ್ಪಿ ಒಂದು ಹಿಡಿ ಮೇಲೆ ಹೋದೆ, ಜಾರಿದೆ. ಮತ್ತೆ ಹೋದೆ, ಮತ್ತೆ ಜಾರಿದೆ. "ಹತ್ರಿ ಅತ್ತಿಗೆ, ಹತ್ರಿ!" ಎಂದು ರೇಖಾ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಯಾಕೆ ಇಷ್ಟೊಂದು ಜಾರುತ್ತಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಆದರೂ ನಗುತ್ತಿದ್ದೆ.

ಒಬ್ಬರು ಇಳಿದ ಮೇಲೆ ಕಂಬವನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಬೇಕು, ಅದು ಅಲ್ಲಿನ ನಿಯಮ. ರೇಖಾ ನಗು ತಡೆಯಲಾರದೆ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಕಂಬ ಒರೆಸಿದಳು. ಅನ್ನೆಕೆ ಬಂದು ಸರಸರನೆ ಹತ್ತಿದರು. ಮೇಲೆ ಹೋಗಿ, ತೊಡೆಗಳ ಮಧ್ಯೆ ಕಂಬ ಬಿಗಿದು, ಕುರ್ಚಿಯ ಮೇಲೆ ಕೂತಂತೆ ಕೂತು, ಕೈ ಬಿಟ್ಟರು. ಒಂದು ಕ್ಷಣ ಹಾಗೇ ಇದ್ದರು. ಆಮೇಲೆ ಜಾರಲು ಶುರುವಾಯಿತು. ಕಂಬ ಹಿಡಿಯಲು ಕೈ ಚಾಚಿದರು, ಅದು ಸಿಗಲಿಲ್ಲ. ಬುಡದಲ್ಲಿ ದಪ್ಪನೆಯ ಹಾಸಿಗೆ ಇತ್ತು, ಆದರೆ ಬೀಳುವಾಗ ಊರಿದ ಕೈ ಹಾಸಿಗೆಯ ಆಚೆ, ಮರದ ನೆಲಕ್ಕೆ ಬಡಿಯಿತು. ಒಣ ಕಡ್ಡಿ ಮುರಿದ ಸದ್ದು.

ಅನ್ನೆಕೆ ಕಿರುಚಲಿಲ್ಲ. ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಡಚ್ಚಿನಲ್ಲಿ ಒಂದೇ ಒಂದು ಪದ ಹೇಳಿದರು. ಬೈಗುಳವೇ ಇರಬೇಕು.

ಫೆಮ್ಕೆ ಓಡಿ ಬಂದು ಅವರನ್ನು ಕೂರಿಸಿದಳು. ಯಾರೋ ಕಾರು ತರಲು ಹೋದರು. ಆಮೇಲೆ ಫೆಮ್ಕೆ ಕಂಬದ ಮೇಲೆ ಅಂಗೈ ಸವರಿ, ಬೆರಳು ಬೆರಳಿಗೆ ಉಜ್ಜಿ ನೋಡಿದಳು. ನಮ್ಮಿಬ್ಬರ ಕಡೆ ತಿರುಗಿದಳು.

ರೇಖಾ ಮುಂದೆ ಬಂದಳು. ಏನೋ ಹೇಳಿದಳು, ಅಂಗೈ ತೋರಿಸಿದಳು. ನನಗೆ ಅರ್ಥವಾಯಿತು. ಲ್ಯಾಬಿನಲ್ಲಿ ಪದೇ ಪದೇ ಕೈ ತೊಳೆದು ಅವಳ ಕೈ ಒಡೆಯುತ್ತದೆ, ಕ್ರೀಮ್ ಹಚ್ಚುತ್ತಾಳೆ. ಅದೂ ಬೆಳಗ್ಗೆ ಯಾವಾಗಲೋ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು:

"ಅತ್ತಿಗೆ, ನೀವೇನಾದ್ರೂ ಹಚ್ಚಿದ್ರಾ ಕಾಲಿಗೆ?"

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಹೂಂ ಎಂದಿದ್ದರೆ ಮೊದಲು ಅವಳೊಬ್ಬಳಿಗೇ ತಿಳಿಯುತ್ತಿತ್ತು. ಹೇಗೆ ಹೇಳಬೇಕೋ ಹಾಗೆ ಅವಳೇ ಹೇಳುತ್ತಿದ್ದಳು.

"ಇಲ್ಲ ಕಣೆ," ಎಂದೆ.

ಅವಳು ನಂಬಿದಳು. ಫೆಮ್ಕೆಗೆ ತಲೆಯಾಡಿಸಿ, ತನ್ನ ಎದೆ ಮುಟ್ಟಿಕೊಂಡು, ತಪ್ಪು ತನ್ನದೇ ಎಂದಳು.

ಶನಿವಾರದ ಸಂತೆ

ಆಮೇಲೊಂದು ದಿನ ಫೆಮ್ಕೆ ಫೋನ್ ಮಾಡಿ, ಹೊಸಬರ ಕ್ಲಾಸನ್ನು ಬೇರೆಯವರಿಗೆ ಕೊಟ್ಟಿದ್ದೇನೆ, ನೀನು ಸ್ವಲ್ಪ ದಿನ ಬರುವುದು ಬೇಡ ಎಂದಳಂತೆ. ಅಲ್ಲಿನವರು ಸುತ್ತಿ ಬಳಸಿ ಹೇಳುವುದಿಲ್ಲ. ರೇಖಾ ಫೋನಿಟ್ಟು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ತೊಳೆದಳು. ಭುಜ ಅಲ್ಲಾಡುತ್ತಿತ್ತು. ನಾನು ಹಿಂದಿನಿಂದ ಹೋಗಿ ಬೆನ್ನು ಸವರಿದೆ.

"ನಿಂದೇನ್ ತಪ್ಪು ಬಿಡೆ, ಆಗೋದು ಆಯ್ತು."

"ನಂದೇ ತಪ್ಪು ಅತ್ತಿಗೆ. ನಗ್ತಾ ನಗ್ತಾ ಒರೆಸ್ದೆ. ಅವ್ರ ಗಂಡಂಗೆ ಹುಷಾರಿಲ್ಲ, ಎಲ್ಲ ಕೆಲ್ಸ ಅವ್ರೇ ಮಾಡ್ಬೇಕು. ಆ ಕೈಯೇ ಮುರ್ದೋಯ್ತು."

ಬೆನ್ನು ಸವರುತ್ತಲೇ ಇದ್ದೆ. ನನ್ನ ಕೈ ಕಂಡು ನನಗೇ ಹೇಸಿಗೆಯಾಯಿತು. ಹೇಳಬೇಕೆಂದು ಬಾಯಿಯವರೆಗೂ ಬರುತ್ತಿತ್ತು. ಇನ್ನೇನು ಊರಿಗೆ ಹೊರಡುತ್ತೇನಲ್ಲ, ಕೈ ಹೇಗೂ ಕೂಡಿಕೊಳ್ಳುತ್ತದಲ್ಲ ಎಂದು ಮತ್ತೆ ಒಳಗೆ ಹೋಗುತ್ತಿತ್ತು.

ಆ ಊರಿನಲ್ಲೂ ಶನಿವಾರ ಸಂತೆ. ಇಗರ್ಜಿಯ ಮುಂದಿನ ಬಯಲಿನಲ್ಲಿ ಗಾಲಿಯಷ್ಟು ದೊಡ್ಡ ಚೀಸಿನ ಉಂಡೆಗಳು, ಮೀನು, ಹೂವು, ಸೈಕಲ್ ಬುಟ್ಟಿಗಳು. ಕೂಗಿ ಕರೆಯುವುದೂ ಇದೆ, ಚೌಕಾಸಿ ಮಾತ್ರ ಇಲ್ಲ. ನಮ್ಮ ಸಂತೆಯಲ್ಲಿ ಹಸಿಮೆಣಸಿನಕಾಯಿ ಕೊಂಡರೆ ಒಂದು ಹಿಡಿ ಕೊತ್ತಂಬರಿ ಬಿಟ್ಟಿ ಕೇಳುತ್ತೇವೆ. ಇಲ್ಲಿ ಕೇಳಿದೆ, ಸೊಪ್ಪಿನವನು ನನ್ನನ್ನೂ ಸೊಪ್ಪನ್ನೂ ನೋಡಿ, ಬೆಲೆಯ ಚೀಟಿ ತೋರಿಸಿದ.

ಹುರಿದ ಮೀನಿನ ಗಾಡಿಯ ಹತ್ತಿರ ಅನ್ನೆಕೆ ಎದುರಾದರು. ಮುಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್. ಸೈಕಲ್ ಇರಲಿಲ್ಲ, ನಡೆದು ಬಂದಿದ್ದರು. ಗುಂಡಿಗಳು ತಪ್ಪು ಕಾಜಾದೊಳಗೆ ಸೇರಿ ಕೋಟು ಒಂದು ಕಡೆ ಎಳೆದುಕೊಂಡಿತ್ತು. ನನ್ನ ಕಣ್ಣು ಅಲ್ಲಿಗೇ ಹೋಯಿತು. ರೇಖಾ ಮುಂದೆ ಹೋಗಿ ಮತ್ತೆ ಕ್ಷಮೆ ಕೇಳಿದಳು. ನಮ್ಮ ಕಡೆಯವರಾದರೆ "ಅಯ್ಯೋ ಏನೂ ಇಲ್ಲ ಬಿಡವ್ವ" ಎಂದು, ಎರಡು ತಲೆಮಾರು ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದರು. ಅನ್ನೆಕೆ ನನಗೂ ಅರ್ಥವಾಗಲೆಂದೋ ಏನೋ ಇಂಗ್ಲಿಷಿನಲ್ಲೇ ಹೇಳಿದರು:

"ನಿನ್ನ ಮೇಲೆ ನನಗೆ ಸಿಟ್ಟಿದೆ. ಕ್ರೀಮ್ ಹಚ್ಚಿದ್ದನ್ನು ಹೊಸಬರು ಮರೆತರೆ ಸರಿ. ನೀನು ಮರೆಯಬಾರದಿತ್ತು."

ರೇಖಾ ತಲೆ ತಗ್ಗಿಸಿದಳು. ಬೈಸಿಕೊಂಡ ಶಾಲೆ ಹುಡುಗಿಯ ಹಾಗೆ ಕೈಚೀಲದ ಹಿಡಿಯನ್ನು ತಿರುವುತ್ತಾ ನಿಂತಳು. ನನಗೆ ಅದನ್ನು ನೋಡಲಾಗಲಿಲ್ಲ.

"ನಾಟ್ ರೇಖಾ," ಎಂದೆ. ಧ್ವನಿ ಜೋರಾಗಿಯೇ ಬಂತು. ಮೀನು ತಿನ್ನುತ್ತಿದ್ದವರು ತಿರುಗಿದರು. "ನಾಟ್ ರೇಖಾ. ಮೀ. ಆಯಿಲ್." ಬಗ್ಗಿ, ಪ್ಯಾಂಟಿನ ಮೇಲಿಂದಲೇ ನನ್ನ ಕಾಲು ಸವರಿ ತೋರಿಸಿದೆ. "ಆಯಿಲ್. ಕೋಕೋನಟ್."

ಅನ್ನೆಕೆ ನನ್ನ ಕಾಲು ನೋಡಿ ಹೇಳಿದರು: "ನೀನು ಫೆಮ್ಕೆಗೆ ಇಲ್ಲ ಎಂದೆ."

"ಯೆಸ್."

"ಯಾಕೆ?"

ಅದಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇರಲಿಲ್ಲ. ರೇಖಾಳ ಕಡೆ ತಿರುಗಬೇಕಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಹೇಳಿ ಅತ್ತಿಗೆ," ಎಂದಳು. "ಹೇಳಿ, ನಾನು ತಿಳ್ಸಿ ಹೇಳ್ತೀನಿ."

"ಕಾಲು ಬೆಳ್ಳಗೆ ಒಡ್ದಿತ್ತು. ಅಷ್ಟು ಜನರ ಮುಂದೆ ತೋರ್ಸಕ್ಕೆ ನಾಚ್ಕೆ ಆಯ್ತು," ಎಂದೆ. ಅವಳು ಅದನ್ನು ಡಚ್ಚಿಗೆ ತಿರುಗಿಸಿದಳು. "ಎಣ್ಣೆ ಹಚ್ದೆ. ಆ ಹುಡುಗಿ ಕೇಳ್ದಾಗ ಎಲ್ರೂ ನೋಡ್ತಾರೆ ಅಂತ ಇಲ್ಲ ಅಂದೆ." ಅದನ್ನೂ ತಿರುಗಿಸಿದಳು. ಪಂಚಾಯಿತಿಯಲ್ಲಿ ನೋಟಿಸ್ ಓದುವವರ ಹಾಗಿತ್ತು ಅವಳ ಧ್ವನಿ. "ನೀನು ಕನ್ನಡದಲ್ಲಿ ಕೇಳ್ದಾಗ್ಲೂ ಇಲ್ಲ ಅಂದೆ. ನೀನು ಅಳ್ತಿದ್ದಾಗ್ಲೂ ಹೇಳ್ಲಿಲ್ಲ."

ಅದನ್ನು ಅವಳು ತಿರುಗಿಸಲಿಲ್ಲ. ಅನ್ನೆಕೆ ಕಾದರು, ಆಮೇಲೆ ಅವರಿಗೂ ತಿಳಿಯಿತೆಂದು ಕಾಣುತ್ತದೆ. ಅವರು ರೇಖಾಳ ಭುಜದ ಮೇಲೆ ಮುರಿಯದ ಕೈ ಇಟ್ಟು ಏನೋ ಅಂದರು. ನನ್ನ ಕಡೆ ತಿರುಗಿ, "ನಿನ್ನ ಮೇಲೂ ಸಿಟ್ಟಿದೆ," ಎಂದರು. ಎಳೆದುಕೊಂಡಿದ್ದ ಕೋಟನ್ನು ಸರಿಮಾಡಿಕೊಳ್ಳುತ್ತಾ, "ನೀನು ಟೈಲರ್ ಅಂತೆ. ಮಂಗಳವಾರ ಮನೆಗೆ ಬಾ."

ಅನ್ನೆಕೆಯ ಮನೆ

ಅಲ್ಲಿ ಕರೆದ ಹೊತ್ತಿಗೆ ಸರಿಯಾಗಿ ಹೋಗಬೇಕು. ನಾನು ಮುಂಚೆಯೇ ಹೋಗಿ ಬಾಗಿಲ ಹೊರಗೆ ಚಳಿಯಲ್ಲಿ ನಿಂತಿದ್ದೆ. ಪರದೆ ಇಲ್ಲದ ಕಿಟಕಿಯಿಂದ ನಾನು ನಿಂತದ್ದು ಅವರಿಗೆ ಕಾಣುತ್ತಿತ್ತು, ಅವರು ಒಳಗೆ ಗಡಿಯಾರ ನೋಡಿದ್ದು ನನಗೆ ಕಾಣುತ್ತಿತ್ತು.

ಅನ್ನೆಕೆಯ ಗಂಡ ಹೆಂಕ್‌ಗೆ ಕೈ ನಡುಗುವ ಕಾಯಿಲೆ. ಎತ್ತರದ, ಬಹಳ ಮರ್ಯಾದಸ್ಥ ಮನುಷ್ಯ. ಮನೆಯಲ್ಲಿದ್ದರೂ ಇಸ್ತ್ರಿ ಮಾಡಿದ ಅಂಗಿಯೇ ಬೇಕು, ಎಲ್ಲ ಗುಂಡಿಯೂ ಹಾಕಿರಬೇಕು. ಅಷ್ಟು ವರ್ಷ ಬೆಳಗ್ಗೆ ಬೆಳಗ್ಗೆ ಅನ್ನೆಕೆ ಹಾಕುತ್ತಿದ್ದರು. ಈಗ ಅವರಿಗೆ ಒಂದೇ ಕೈ. ಅವತ್ತು ಹೆಂಕ್ ಬನಿಯನ್ನಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಸ್ವೆಟರಿನ ಕುತ್ತಿಗೆಯನ್ನು ಮೇಲೆಳೆದುಕೊಂಡರು. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತಿದ್ದ ಸಂಕೋಚ. ನಾನು ಬೇರೆ ಕಡೆ ನೋಡಿದೆ.

ಏನು ಮಾಡಬೇಕೆಂದು ಅನ್ನೆಕೆ ಹೇಳುವ ಅಗತ್ಯ ಬೀಳಲಿಲ್ಲ. ಅವರ ಕೋಟಿನ ಗುಂಡಿ ನೋಡಿದ್ದೆನಲ್ಲ, ಸಂತೆಯ ಆಚೆಯ ಅಂಗಡಿಯಲ್ಲಿ ಟಿಚ್ ಬಟನ್ ಕೊಂಡುಕೊಂಡೇ ಹೋಗಿದ್ದೆ. ಹೆಂಕ್ ಅವರ ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು, ಕಾಜಾದ ಮೇಲೆಯೇ ಅವನ್ನು ಹೊರಗೆ ಕಾಣುವಂತೆ ಹೊಲಿದು, ಒಳಗಡೆ ಟಿಚ್ ಬಟನ್ ಕೂರಿಸಿದೆ. ಹೊರಗಿನಿಂದ ನೋಡಿದರೆ ಗುಂಡಿ ಹಾಕಿದ ಅಂಗಿಯೇ. ಒತ್ತಿದರೆ ಸಾಕು, ಮುಚ್ಚಿಕೊಳ್ಳುತ್ತದೆ. ಮೊದಲ ಅಂಗಿಯನ್ನು ಹೆಂಕ್ ಒಳಗೆ ಹೋಗಿ ಹಾಕಿಕೊಂಡು ಬಂದರು. ನಡುಗುವ ಕೈಯಿಂದ ತಾವೇ ಒತ್ತಿಕೊಂಡಿದ್ದರು. ಒಂದು ತಪ್ಪಿತ್ತು, ಅದನ್ನೂ ಸರಿಮಾಡಿಕೊಂಡರು.

ಊರಿಗೆ ಹೊರಡುವವರೆಗೂ ಹೋಗಿ ಅವರ ಅಂಗಿಗಳನ್ನೆಲ್ಲ ಮುಗಿಸಿದೆ. ಅನ್ನೆಕೆ ಎದುರಿಗೆ ಕೂತಿರುತ್ತಿದ್ದರು. ನಾನು ಕ್ಷಮೆ ಎಂದು ಬಾಯಿ ತೆರೆದಾಗೆಲ್ಲ ಕೈಯೆತ್ತಿ ತಡೆಯುತ್ತಿದ್ದರು. ಒಮ್ಮೆ ಮಾತ್ರ ಹೇಳಿದರು: "ಇದರಿಂದ ನನ್ನ ಕೈ ಬೇಗ ಕೂಡುವುದಿಲ್ಲ. ಆದರೆ ಬೆಳಗಿನ ಹೊತ್ತು ಸುಲಭವಾಗಿದೆ. ಎರಡೂ ನಿಜ." ಆಮೇಲೆ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರು. ಬೇಡ ಎನ್ನದೆ ತೆಗೆದುಕೊಂಡೆ. ಮುಚ್ಚಳ ಹಾಕಿ ಒಳಗಿಟ್ಟರು.

ಅವರೇ ಫೆಮ್ಕೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ್ದರು. ಫೆಮ್ಕೆ ರೇಖಾಳನ್ನು ಮತ್ತೆ ಕರೆದಳು. ಆದರೆ ಹೊಸಬರ ಕ್ಲಾಸು ಬೇರೆಯವರ ಪಾಲಾಗಿತ್ತು, ಅದು ತಿರುಗಿ ಬರಲಿಲ್ಲ. ಅವರಿಗೆ ಕೊಟ್ಟ ಮಾತು ಕೊಟ್ಟದ್ದೇ ಎಂದಳಂತೆ. ನ್ಯಾಯವೇ. ನನ್ನ ಎಣ್ಣೆ ಎಲ್ಲಿಯವರೆಗೆ ಹರಿಯಿತು ಎಂದು ಅವತ್ತು ಪೂರ್ತಿ ಗೊತ್ತಾಯಿತು.

ಮತ್ತೆ ಕಂಬ

ರೇಖಾ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅನ್ನ ಆಗಿದೆ, ಬಾಗಿಲು ಹಾಕಿಕೊಳ್ಳಿ, ಛತ್ರಿ ತಗೊಳ್ಳಿ. ಅಷ್ಟೂ ಬಹುವಚನದಲ್ಲಿ. ಯಾವಾಗಲೂ ನನಗೆ ಬಹುವಚನವೇ, ಆದರೆ ಆಗ ಅದು ಬೇರೆ ಥರ ಕೇಳಿಸುತ್ತಿತ್ತು. ಬೈದಿದ್ದರೆ ವಾಸಿಯಿತ್ತು.

ಕೊನೆಯ ವಾರ ಕ್ಲಾಸಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಬರ್ತೀರಾ?" ಎಂದಳು. ಹೋದೆ. ಒಣಗಿ ಬಿಳಿಚಿದ ಕಾಲನ್ನು ಹಾಗೇ ಹೊತ್ತು ಹೋದೆ. ಎಲ್ಲರೆದುರು ಪ್ಯಾಂಟ್ ಕಳಚಿ ಮೊಳೆಗೆ ಹಾಕಿದೆ. ಫೆಮ್ಕೆಗೆ, ಉಳಿದ ಹೆಂಗಸರಿಗೆ, ನಾಲ್ಕೇ ಇಂಗ್ಲಿಷ್ ಪದಗಳಲ್ಲಿ ಕ್ಷಮೆ ಕೇಳಿದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು, ತಮ್ಮ ತಮ್ಮ ಕಂಬಕ್ಕೆ ಹೋದರು. ನನ್ನ ಕಾಲನ್ನು ಒಬ್ಬರೂ ನೋಡಲಿಲ್ಲ. ಮೊದಲ ದಿನವೂ ನೋಡುತ್ತಿರಲಿಲ್ಲವೇನೋ.

ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿದು, ಒಳಗಾಲನ್ನು ಕಂಬಕ್ಕೆ ಕೊಕ್ಕೆ ಹಾಕಿ, ಹೊರಗಾಲನ್ನು ಬೀಸಿ ಒಂದು ಸುತ್ತು ಸುತ್ತಿದೆ. ಒಂದೇ ಸುತ್ತು. ಚರ್ಮ ಕಂಬಕ್ಕೆ ಅಂಟಿಕೊಂಡು ಉರಿಯಿತು, ಆದರೆ ಹಿಡಿಯಿತು. ಕೆಳಗೆ ಕುಕ್ಕರಿಸಿದೆ. ರೇಖಾ ನಗಲಿಲ್ಲ. ಕೈ ಕೊಟ್ಟು ಎಬ್ಬಿಸಿದಳು. ಆಮೇಲೆ ಬಟ್ಟೆ ತೆಗೆದುಕೊಂಡು ಕಂಬವನ್ನು ಮೇಲಿನಿಂದ ಕೆಳಗಿನವರೆಗೆ, ಎರಡು ಸಲ ಒರೆಸಿದಳು. ನಾನು ನೋಡುತ್ತಾ ನಿಂತೆ. ತೊಡೆಯ ಒಳಭಾಗದಲ್ಲಿ ನೇರಳೆ ಬಣ್ಣಕ್ಕೆ ಕಂದಿದ ಗುರುತು ಬಿತ್ತು. ಅದು ಮಾಯುವ ಮುಂಚೆ ಊರು ಸೇರಿದೆ.

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ರೇಖಾ ಹೇಳಿದಳು:

"ನನಗಿನ್ನ ಸಿಟ್ಟು ಹೋಗಿಲ್ಲ ಅತ್ತಿಗೆ. ಹೋಗ್ತದೆ, ಸ್ವಲ್ಪ ದಿನ ಬೇಕು."

"ಹೂಂ."

"ಒಂದು ಕೆಲ್ಸ ಮಾಡಿ. ನಾನು ಈ ಕ್ಲಾಸಿಗೆ ಹೋಗ್ತೀನಿ ಅಂತ ಅವ್ವಂಗೆ ನೀವೇ ಹೇಳಿ. ವಿಡಿಯೋ ಕಳ್ಸಿದ್ದೀನಿ, ತೋರ್ಸಿ. ನನ್ ಕೈಲಿ ಆಗಲ್ಲ. ಬೈದ್ರೆ ನೀವೇ ಬೈಸ್ಕೊಳ್ಳಿ."

ಶನಿವಾರಸಂತೆ

ಬಂದ ಮರುದಿನ ಅತ್ತೆ ಅಂಗಳದಲ್ಲಿ ಒಣಗಲು ಹರಡಿದ್ದ ಕಾಫಿಗೆ ಕೈಯಾಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಫೋನ್ ತೆಗೆದೆ. ಮಗಳ ಬರಿಗಾಲು, ಚಡ್ಡಿ, ತಲೆಕೆಳಗು. ಇವರು ಫೋನ್ ಬಿಸಾಡುತ್ತಾರೆ, ಅಥವಾ ಅಳುತ್ತಾರೆ, ಯಜಮಾನರನ್ನು ಕೂಗುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಇದ್ಯಾರವ್ವಾ, ನಮ್ಮ ರೇಖನಾ?"

"ಹೂಂ ಅತ್ತೆ. ಎಕ್ಸರ್ಸೈಸ್ ಕ್ಲಾಸು. ಕಂಬ ಹತ್ತೋದು ಕಲ್ಸ್ತಾರೆ."

ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ರೇಖಾ ಕೈ ಬಿಡುವ ಜಾಗಕ್ಕೆ ಬಂದಾಗ ಉಸಿರು ಬಿಗಿಹಿಡಿದರು. ಅವಳು ನೆಲಕ್ಕೆ ಕಾಲೂರಿದ ಮೇಲೆ ಬಿಟ್ಟರು.

"ಕಂಬ ಗಟ್ಟಿಯಾಗಿ ನೆಟ್ಟವ್ರಾ?"

"ಗಟ್ಟಿಯಾಗೇ ಅದೆ."

"ಆ ಚಳಿಲಿ ಮೈಮೇಲೊಂದು ನೆಟ್ಟಗೆ ಬಟ್ಟೆ ಹಾಕ್ಬಾರ್ದಾ?"

"ಬಟ್ಟೆ ಇದ್ರೆ ಜಾರ್ತದೆ ಅತ್ತೆ."

"ಹಂಗಾದ್ರೆ ಬ್ಯಾಡ," ಎಂದರು. "ಚಿಕ್ಕೋಳಿದ್ದಾಗ ಸೀಬೆ ಮರದಿಂದ ಇಳೀತಾನೇ ಇರ್ಲಿಲ್ಲ." ಇನ್ನೊಮ್ಮೆ ನೋಡಿದರು. ಮುಖದಲ್ಲಿ ಹೆಮ್ಮೆ ಮೂಡುತ್ತಿದ್ದುದನ್ನು ಅವರು ಮುಚ್ಚಿಡಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ರೇಖಾ ಹೇಳಿದ್ದು ಅಷ್ಟೇ. ಆದರೆ ಅತ್ತೆ ನಗುತ್ತಾ ನನ್ನ ಕಡೆ ನೋಡಿದಾಗ ಆ ನಗುವನ್ನು ನನಗೆ ತಡೆಯಲಾಗಲಿಲ್ಲ. ಎಣ್ಣೆ, ಅನ್ನೆಕೆಯ ಕೈ, ನಾನು ಇಲ್ಲ ಎಂದದ್ದು, ರೇಖಾ ತಪ್ಪು ಹೊತ್ತುಕೊಂಡದ್ದು, ಎಲ್ಲವನ್ನೂ ಹೇಳಿದೆ. ಅತ್ತೆಯ ಕೈ ಕಾಫಿಯ ಮೇಲೆ ನಿಂತಿತು.

"ಅವ್ಳು ಅತ್ಲಾ?"

"ಹೂಂ."

"ನಿನ್ನ ಮುಂದೇನಾ?"

"ಹೂಂ ಅತ್ತೆ."

ಅತ್ತೆ ಬೈಯಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಸ್ವಲ್ಪ ಸರಿದು ಕೂತು ಮತ್ತೆ ಕಾಫಿಗೆ ಕೈಯಾಡಿಸತೊಡಗಿದರು. ನನ್ನ ಕಡೆ ನೋಡದೆಯೇ ಹೇಳಿದರು:

"ಅಷ್ಟು ದೂರದಲ್ಲಿ ಅವ್ಳಿಗೆ ನಮ್ಮೋರು ಅಂತ ಇದ್ದಿದ್ದು ನೀನೊಬ್ಳೇ ಅಲ್ವಾ ಗಿರಿಜಾ."